ಹೊಳೆಯುವ ರಸ್ತೆ, ತಡವಾಗುವ ಸ್ಟಿಯರಿಂಗು

ಇಪ್ಪತ್ತಾರು ಸಾವಿರ ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡು, ಅದೂ ಸೆಕೆಂಡ್ ಹ್ಯಾಂಡ್. ಮಾರುವವನು ಮೂವತ್ತನಾಲ್ಕು ಹೇಳಿದ್ದ. ಎರಡು ಸಲ ಎದ್ದು ಬಾಗಿಲವರೆಗೆ ಹೋದೆ, ಮೂರನೆಯ ಸಲ ಅವನೇ ಕರೆದ. ನಾಗಮಂಗಲದಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ, ಅದರ ಮಗ್ಗುಲಲ್ಲಿ ಗೇಮ್ ಆಡಲು ಎರಡು ಕುರ್ಚಿ ಇಟ್ಟುಕೊಂಡವನಿಗೆ ಇಷ್ಟು ದುಬಾರಿಯದು ಏಕೆ ಎನ್ನುತ್ತೀರಾ? ಅದು ರೇ ಟ್ರೇಸಿಂಗ್ ಮಾಡುತ್ತದೆ. ಬೆಳಕು ಎಲ್ಲಿ ಹೊರಟಿತು, ಯಾವುದಕ್ಕೆ ತಾಗಿ ಎತ್ತ ಚಿಮ್ಮಿತು ಎಂಬುದನ್ನೆಲ್ಲ ಆಟ ನಡೆಯುತ್ತಿರುವಾಗಲೇ ಲೆಕ್ಕ ಹಾಕಿ ಚಿತ್ರ ಬರೆಯುತ್ತದೆ. ರಸ್ತೆಯ ಗುಂಡಿಯಲ್ಲಿ ನಿಂತ ನೀರಿನೊಳಗೆ ಲಾರಿಯ ದೀಪ ನಡುಗುವುದನ್ನು ಒಮ್ಮೆ ನೋಡಿದರೆ ನೀವೂ ಜೇಬು ತಡಕುತ್ತೀರಿ.

ಇವತ್ತು ಬೆಳಿಗ್ಗೆ ಅದನ್ನು ಬಿಚ್ಚಿ ಫ್ಯಾನಿನ ಸಂದಿಗೆ ಬ್ರಷ್ಷು ಹಾಕಿದಾಗ ಸುಟ್ಟ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಬೋರಣ್ಣನ ನೆನಪೂ ಬಂತು.

ದೇವಲಾಪುರದ ಬೋರಣ್ಣ ಬಹಳ ವರ್ಷ ಬೆಂಗಳೂರಿನ ಬಸ್ಸು ಓಡಿಸಿ ನಿವೃತ್ತನಾದವನು. ವಾರಕ್ಕೆರಡು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಆಟದ ಸ್ಟಿಯರಿಂಗ್ ಹಿಡಿದು, ಯಾವುದೋ ಶೀತದೇಶದಲ್ಲಿ ಲಾರಿ ಓಡಿಸುತ್ತಿದ್ದ. "ಒಂದ್ ಎಮ್ಮೆನಾದ್ರೂ ಅಡ್ಡ ಬರಬಾರ್ದೇನ್ಲಾ? ಇದೂ ಒಂದ್ ದೇಸವಾ?" ಎಂದು ಗೊಣಗುತ್ತಿದ್ದ. ಆದರೆ ಒಂದು ಸಲವೂ ಗೋಡೆಗೆ ಗುದ್ದಿದವನಲ್ಲ.

ಕಾರ್ಡು ಬಂದ ವಾರ ನಾನು ಗೇಮಿನ ಎಲ್ಲ ಸೆಟ್ಟಿಂಗನ್ನೂ ತುದಿಗೆ ಏರಿಸಿದೆ. ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ತೆಗೆಯಬೇಡವೇ? ಆಟ ತೆವಳತೊಡಗಿತು. ಅದಕ್ಕೂ ಮದ್ದಿತ್ತು: ಎರಡು ನಿಜವಾದ ಚಿತ್ರಗಳ ನಡುವೆ ಮಿಷಿನ್ನೇ ಒಂದು ಕಲ್ಪಿತ ಚಿತ್ರ ತೂರಿಸುವ ಸವಲತ್ತು. ಅದನ್ನು ಹಾಕಿದ್ದೇ ತಡ, ಸೆಕೆಂಡಿಗೆ ಎಷ್ಟು ಚಿತ್ರ ಎಂದು ಮೂಲೆಯಲ್ಲಿ ತೋರಿಸುವ ಅಂಕಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಪುಕ್ಕಟೆ ಸಿಕ್ಕಿದ್ದೆಂದು ನಾನು ಹಿಗ್ಗಿದೆ. ವ್ಯಾಪಾರಿಗೆ ಅಂಕಿ ಕಂಡರೆ ಸಾಕು, ಕಣ್ಣು ಮುಚ್ಚಿಹೋಗುತ್ತದೆ.

ಬೋರಣ್ಣ ಕೂತ. ಮೊದಲ ತಿರುವಿನಲ್ಲೇ ಗೋಡೆ. ಎರಡನೆಯ ಸಲ ಗೋಡೆ. ಮೂರನೆಯ ಸಲವೂ.

"ತಿರುಗಿಸ್ದೆ ಕಣ್ಲಾ. ಕೈ ಯಾಕೋ ತಡ ಮಾಡ್ತು."

"ವಯಸ್ಸಾಯ್ತು ಬುಡಣ್ಣ! ರೋಡ್ ನೋಡು, ಎಂಗ್ ಒಳೀತೈತೆ!"

"ರೋಡೇನೋ ಒಳೀತೈತೆ," ಎಂದು ಬೋರಣ್ಣ ಅಂಗೈಗಳನ್ನು ಮಗುಚಿ ನೋಡಿಕೊಂಡು ಎದ್ದು ಹೋದ.

ಆಮೇಲೆ ನಾನೇ ಕೂತೆ. ಅದೇ ತಿರುವು, ಅದೇ ಗೋಡೆ. ಮಗ್ಗುಲಲ್ಲಿ ನಿಂತವನಿಗೆ ಬೆಣ್ಣೆಯಂತೆ ಕಂಡ ರಸ್ತೆ, ಹಿಡಿದವನ ಕೈಗೆ ತಡವಾಗಿ ಸಿಗುತ್ತಿತ್ತು. ಕಲ್ಪಿತ ಚಿತ್ರ ಕಣ್ಣನ್ನು ನಂಬಿಸುತ್ತದೆ, ಕೈ ತಿರುಗಿಸಿದ್ದು ಅದಕ್ಕೆ ತಿಳಿಯದು. ಅದನ್ನು ತೆಗೆದು ಹೊಳಪು ಇಳಿಸಿದೆ. ಲಾರಿ ಮಾತು ಕೇಳಿತು.

ಬೋರಣ್ಣನಿಗೆ ಫೋನ್ ಮಾಡಿ ಹೇಳಿದೆನೇ? ಇಲ್ಲ. ತನ್ನ ಮಾಲಿನ ಊನವನ್ನು ತನ್ನ ಬಾಯಿಂದ ಆಡಬಾರದು ಎಂಬುದು ಹಳೇ ಸಾಮಾನು ಮಾರುವವರ ನೀತಿ. ಆ ನೀತಿಯ ಅನ್ನವನ್ನೇ ಉಣ್ಣುವವನು ನಾನು. ಬಂದಾಗ ಸದ್ದಿಲ್ಲದೆ ಕೂರಿಸಿದರಾಯಿತು ಎಂದುಕೊಂಡೆ. ಮೂರು ವಾರವಾದರೂ ಬೋರಣ್ಣ ಬರಲಿಲ್ಲ. ಚಾರ್ಜರ್ ಕೊಳ್ಳಲು ಅವನ ಹೆಂಡತಿ ಜಯಕ್ಕ ಬಂದಳು.

"ಏನ್ ಮಾಟ ಮಾಡಿ ಕಳುಸ್ದಪ್ಪಾ ನಿಮ್ಮಣ್ಣನ್ನ? ಸ್ಕೂಟ್ರು ಮುಟ್ತಾ ಇಲ್ಲ. ಡೈರಿಗೆ ಆಲು ನಾನೇ ಒತ್ಕಂಡ್ ಓಯ್ತಾ ಇವ್ನಿ. ಕೈ ಸೋತೋಯ್ತು, ಯಾರ್ನಾದ್ರೂ ಗುದ್ಬುಡ್ತೀನಿ ಅಂತ ಎದ್ರಿಕಂಡ್ ಕುಂತವ್ರೆ."

ಅಂಗಡಿಯ ಬಾಗಿಲು ಎಳೆದು ದೇವಲಾಪುರದ ಬಸ್ಸು ಹತ್ತಿದೆ. ಬೋರಣ್ಣ ಜಗಲಿಯ ಮೇಲಿದ್ದ.

"ಅಣ್ಣ, ನಿನ್ ಕೈ ನೆಟ್ಟಗೈತೆ. ಕೆಟ್ಟಿದ್ದು ನನ್ ಮಿಷಿನ್ನು."

"ಸಮಾಧಾನ ಮಾಡಕ್ ಬಂದ್ಯಾ? ಬುಡ್ಲಾ, ಕಾಪಿ ಕುಡ್ಕಂಡ್ ಓಗು."

ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಿವರಣೆಗಳೆಲ್ಲ ಅವನ ಮುಂದೆ ಬಿದ್ದುಹೋದವು. ಕೊನೆಗೆ, ಬಚ್ಚಿಟ್ಟಿದ್ದ ಒಂದೇ ಮಾತು ಉಳಿಯಿತು.

"ಅವತ್ತೇ ಗೊತ್ತಾಗಿತ್ತು ಕಣಣ್ಣ. ನಾನೂ ಕೂತು ಗುದ್ದಿದ್ದೆ. ನಿಂಗ್ ಏಳ್ಲಿಲ್ಲ."

ಬೋರಣ್ಣ ಲೋಟ ಕೆಳಗಿಟ್ಟ. "ಗೊತ್ತಿತ್ತಾ? ಗೊತ್ತಿದ್ದೂ ಬಾಯಿಗ್ ಬೀಗ ಆಕಂಡಿದ್ದಾ? ಥೂ, ನಿನ್ ಮಕಕ್ಕಿಷ್ಟು!" ಬೈಗುಳ ಬೀದಿಯ ತುದಿಯವರೆಗೂ ಕೇಳಿಸಿರಬೇಕು. ನನಗೆ ಎದೆ ಹಗುರವಾಯಿತು. ಸಮಾಧಾನ ಮಾಡಲು ಬಂದವನು ತನ್ನ ಮಾನವನ್ನು ಹೀಗೆ ಕಳೆದುಕೊಳ್ಳುವುದಿಲ್ಲ ಎಂದು ಅವನಿಗೂ ಹೊಳೆದಿರಬೇಕು. ಒಳಗೆ ಹೋಗಿ ಸ್ಕೂಟರಿನ ಕೀಲಿ ತಂದ.

"ಗಾಡಿ ಅತ್ತು. ಅಂಗ್ಡಿಗಂಟ ಬುಡ್ತೀನಿ. ಈಗ ನೀನ್ ಎದ್ರಿಕಂಡ್ ಕುಂತ್ಕೋ."

ಅಂಗಡಿಯಲ್ಲಿ, ಏನೇನು ಬೇಕೆಂದು ಅವನೇ ಹೇಳಲಿ ಎಂದು ಹೊಳಪನ್ನು ಮತ್ತೆ ಏರಿಸಿದೆ. ಅವನು ಓಡಿಸುತ್ತ ಹೋದ, ನಾನು ಸೆಟ್ಟಿಂಗುಗಳನ್ನು ಒಂದೊಂದೇ ಇಳಿಸುತ್ತ ಬಂದೆ. ಬಡಗಿಯಾಗಿದ್ದ ನಮ್ಮಪ್ಪ ಮಂಚದ ತಲೆಯ ಹಲಗೆಯನ್ನು ಕನ್ನಡಿಯಂತೆ ಉಜ್ಜುತ್ತಿದ್ದರು, ಅಡಿಯನ್ನು ಮಾತ್ರ ಸಿಬಿರು ಚುಚ್ಚದಷ್ಟು. ಹಾಗೆಯೇ ಇದೂ. ಮರದ ಬುಡದ ನೆರಳು ಇಳಿಯಿತು, ಕಟ್ಟಡಗಳ ಗಾಜಿನ ಹೊಳಪು ಹೋಯಿತು, ಚಿತ್ರವನ್ನು ಚಿಕ್ಕದಾಗಿ ಬರೆಸಿ ಹಿಗ್ಗಿಸಿದ್ದು ಅವನಿಗೆ ತಿಳಿಯಲೂ ಇಲ್ಲ. ರಸ್ತೆಯ ನೀರಿಗೆ ಕೈ ಹಾಕಿದಾಗ ಮಾತ್ರ, "ಅದ್ ಇರ್ಲಿ ಬುಡ್ಲಾ, ಸೆಂದಾಗೈತೆ" ಎಂದ. ಉಳಿಸಿದೆ.

ಈಗ ಯಾರಾದರೂ ಬಂದು ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂದು ಕೇಳಿದರೆ ಕುರ್ಚಿ ತೋರಿಸುತ್ತೇನೆ. ನೀವೂ ಅಷ್ಟೇ: ಕೊಳ್ಳುವ ಮುಂಚೆ ಕೂತು ಆಡಿ. ಚೆಂದವೇ ಎಂದು ಬೇಕಾದರೆ ಮಗ್ಗುಲಲ್ಲಿ ನಿಂತವನನ್ನು ಕೇಳಿ, ಸಲೀಸಾಗಿದೆಯೇ ಎಂದು ಮಾತ್ರ ಹಿಡಿದ ಕೈಯನ್ನೇ ಕೇಳಿ. ಎಲ್ಲವನ್ನೂ ಏರಿಸಬೇಡಿ, ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿ ಖರ್ಚು ಮಾಡಿ, ಉಳಿದಲ್ಲಿ ಜಿಪುಣರಾಗಿ. ಮತ್ತೆ, ನೀವು ಮಾರುವವರಾದರೆ, ನಿಮ್ಮ ಮಿಷಿನ್ನಿನ ಮುಂದೆ ಕೂತವನು ತಪ್ಪು ತನ್ನದೆಂದು ಅಂಗೈ ನೋಡಿಕೊಂಡ ಕೂಡಲೇ ಬಾಯಿ ಬಿಡಿ. ಸೆಟ್ಟಿಂಗು ಆಮೇಲೆ ಸರಿಮಾಡಬಹುದು.