ನಾನು ಇಂಗ್ಲಿಷಿಗೆ ತರದ ಮಾತು

ನಮ್ಮ ಇಂಗ್ಲೆಂಡಿನ ಸಾಹೇಬರು ವಕೀಲಿ ಬಿಟ್ಟು ರಾಜಕೀಯಕ್ಕೆ ಹೋದದ್ದು ಹೆಸರಿನ ಆಸೆಗೆ ಎಂದು ಕುವೈತಿನಲ್ಲಿ ಹಲವರು ಆಡಿಕೊಂಡರು. ಅವರಿಗೆಂತ ಗೊತ್ತು, ಮಣ್ಣು! ಸಾಹೇಬರನ್ನು ಆ ದಾರಿಗೆ ತಳ್ಳಿದವಳು ನಾನು.

ತೊಂಬತ್ತರ ದಶಕದ ಕೊನೆಗೆ ನಾನು ಅವರ ಸೆಕ್ರೆಟರಿ. ಕಂಪನಿಗಳ ಕರಾರು ಬರೆಯುವುದು ಅವರ ಕೆಲಸ. ವಾರಕ್ಕೊಂದು ಮಧ್ಯಾಹ್ನ ಮಾತ್ರ ಮನೆಗೆಲಸದವರ ದೂರುಗಳನ್ನು ಪುಕ್ಕಟೆ ಕೇಳುತ್ತಿದ್ದರು. ಬಂದವರಿಗೆ ತಾವೇ ಚಹಾ ಮಾಡಿ ಕೊಡುತ್ತಿದ್ದರು. ಬಾಯಿಗಿಡಲಾಗದ ಚಹಾ, ಆದರೆ ಮನುಷ್ಯ ಅಪ್ಪಟ ಚಿನ್ನ.

ಒಂದು ದಿನ ರುಮೈಥಿಯಾದ ಮನೆಯೊಂದರಿಂದ ಓಡಿಬಂದ ಹುಡುಗಿ ಎದುರು ಕುಳಿತಳು. ವಿಜಾಪುರದ ಕಡೆಯವಳು, ಕನ್ನಡ ಬಿಟ್ಟರೆ ಬೇರೇನೂ ಬಾರದು. ನಾನೇ ದುಭಾಷಿ. ಮನೆ ಯಜಮಾನನ ಹೆಸರು ಕೇಳಿದ ಕೂಡಲೇ ನನಗೆ ಗುರುತು ಹತ್ತಿತು. ಅವನು ನನ್ನ ಗಂಡನಿಗೆ ವೀಸಾ ಕೊಟ್ಟ ಧಣಿಯ, ಅಂದರೆ ಕಫೀಲನ ತಮ್ಮ. ಕಫೀಲ್ ಮುನಿದರೆ ಗಂಡನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯೇ ರದ್ದು, ಮತ್ತೆ ನಾವು ಫಿಂಟಾಸಿನ ಮನೆ, ಮಕ್ಕಳ ಶಾಲೆ ಎಲ್ಲ ಬಿಟ್ಟು ಊರಿನ ವಿಮಾನ ಹತ್ತಬೇಕು.

"ಯಾರಾದರೂ ಹೊಡೆಯುತ್ತಾರಾ ಕೇಳಿ" ಎಂದರು ಸಾಹೇಬರು.

ಕೇಳಿದೆ. ಅವಳು ಉದ್ದ ತೋಳಿನ ಅಂಗಿಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು. "ಮೇಡಮ್ಮಾರು ಬಡಿತಾರ್ರೀ ಅಕ್ಕಾರ. ಒಂದ್ ಸಲ ಇಸ್ತ್ರಿ ಪೆಟ್ಟಿಗಿ ಇಟ್ಟಾರ."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು: ಕೆಲಸ ಜಾಸ್ತಿಯಂತೆ, ಬೈಯುತ್ತಾರಂತೆ.

ಸಾಹೇಬರಿಗೆ ಸಮಾಧಾನವಾಗಲಿಲ್ಲ. ಮತ್ತೆ ಕೇಳಿಸಿದರು, ಮತ್ತೊಮ್ಮೆ ಕೇಳಿಸಿದರು. ಅವಳೂ ಅದನ್ನೇ ಹೇಳಿದಳು, ಹೇಡಿ ನಾನೂ ನನ್ನದನ್ನೇ ಹೇಳಿದೆ. ಟೈಪ್ ಮಾಡಿದ ಹಾಳೆಗೆ ಹೆಬ್ಬೆಟ್ಟು ಒತ್ತಿ ಅವಳು ಕೇಳಿದಳು, "ಎಲ್ಲಾ ಹೇಳಿದ್ರೇನ್ರಿ ಅಕ್ಕಾರ?"

"ಹೇಳಿದೆ ಮಗಾ" ಎಂದೆ. ಆ 'ಮಗಾ' ನೆನೆದರೆ ಈಗಲೂ ನನ್ನ ನಾಲಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ದೂರಿನಲ್ಲಿ ಹೊಡೆತದ ಸುದ್ದಿಯೇ ಇಲ್ಲವಲ್ಲ. ಸಾಹೇಬರು ಯಜಮಾನನನ್ನು ಕರೆಸಿದರು, ಕೆಲಸ ಕಡಿಮೆ ಮಾಡುತ್ತೇನೆಂದು ಬರೆಸಿಕೊಂಡು ಅವಳನ್ನು ಅವನ ಜೊತೆಗೇ ಕಳಿಸಿದರು. ಮೂರು ತಿಂಗಳಿಗೆ ಅವಳು ಆ ಮನೆಯ ಎರಡನೇ ಮಹಡಿಯಿಂದ ಹಾರಿದಳು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಸ್ಟ್ರೆಚರ್ ಮೇಲೆ ಊರಿಗೆ ಹೋದಳು. ಕೈಮೇಲಿನ ಸುಟ್ಟ ಗಾಯ ಹಳೆಯದು ಎಂದು ಆಸ್ಪತ್ರೆಯವರು ಹೇಳಿದಾಗ ಸಾಹೇಬರು ಎರಡು ದಿನ ಕಚೇರಿಗೆ ಬರಲಿಲ್ಲ. ನನ್ನ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ಹೆದರಿ ಮುಚ್ಚಿಟ್ಟಳು ಪಾಪ, ಎಂದುಕೊಂಡರು. ಆ ವರ್ಷವೇ ಇಂಗ್ಲೆಂಡಿಗೆ ಮರಳಿದರು. ಮೊದಲ ಚುನಾವಣೆ ಸೋತರು, ಎರಡನೆಯದು ಗೆದ್ದರು. ಮನೆಗೆಲಸದವರ ಪರ ಮಾತಾಡುವವರು ಎಂದೇ ಅವರು ಹೆಸರಾದರು.

ಹತ್ತು ವರ್ಷ ದಾಟಿತು. ಇಂಗ್ಲಿಷಲ್ಲೇ ಉತ್ತರಿಸುವ ನನ್ನ ಮಗಳು ವಾರದ ರಜೆಯ ಒಂದು ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳೇ ಮೊಬೈಲನ್ನು ನನ್ನ ಮುಖದೆದುರು ಹಿಡಿದಳು. "ಮಮ್ಮೀ, ಯುವರ್ ಬಾಸ್!" ತಲೆ ಪೂರ್ತಿ ನರೆತ ಸಾಹೇಬರು ಸಭೆಯೊಂದರಲ್ಲಿ ನಿಂತು ಹೇಳುತ್ತಿದ್ದರು: ಕುವೈತಿನಲ್ಲಿ ಒಬ್ಬ ಹುಡುಗಿಯನ್ನು ನಾನು ಸರಿಯಾಗಿ ಕೇಳಲಿಲ್ಲ. ಅವಳನ್ನು ವಾಪಸು ಕಳಿಸಿದ ತಪ್ಪು ನನ್ನದೇ.

ಮಗಳಿಗೆ ಸಿಟ್ಟು ಬಂತು. ಯಾಕೆ ಸರಿಯಾಗಿ ಕೇಳಲಿಲ್ಲ ಅವರು, ನೀನು ಅಲ್ಲೇ ಇದ್ದೆಯಲ್ಲ, ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಜಗಳಕ್ಕೆ ಎಳೆದಳು.

"ಕೇಳಿದ್ದರು" ಎಂದೆ. "ಮೂರು ಸಲ ಕೇಳಿದ್ದರು."