ಕಾಕಾ ಕುಡಿಯದ ವೈನು

ನವನಗರದಲ್ಲಿ ನಮ್ಮ ಮನೆಯ ತಿರುವಿಗೆ ಒಂದು ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಮೊನ್ನೆ ಸಂಜೆ ಅದರ ಮುಂದೆ ಹಾದು ಹೋಗುವಾಗ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಹೊಗೆ ಮೂಗಿಗೆ ಹೊಕ್ಕಿದ್ದೇ ತಡ, ಹುನಗುಂದದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು. ಅವರು ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಕಣ್ಣೀರು ಆಮೇಲೆ.

ಎಂಬತ್ತರ ದಶಕದ ಮಾತು. ನಾನಾಗ ಅಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಊರಾಚೆ ಕಾಕಾರ ಕರಿ ದ್ರಾಕ್ಷಿಯ ತೋಟವಿತ್ತು, ಅವರ ತಂದೆ ಹಚ್ಚಿದ್ದು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ಬೀಜವಿಲ್ಲದ ಹಸಿರು ದ್ರಾಕ್ಷಿ ಪೇಟೆಗೆ ಬಂದ ಮೇಲೆ ಇದನ್ನು ಕೇಳುವವರೇ ಇಲ್ಲವಾದರು. ಬಳ್ಳಿ ಕಡಿದು ಹೊಸ ತಳಿ ಹಾಕೋಣ ಎಂದು ಮಗ ಹಟ ಹಿಡಿದ. ಅಷ್ಟರಲ್ಲಿ ಮಹಾರಾಷ್ಟ್ರದ ಕಡೆಯ ವೈನ್ ಕಾರ್ಖಾನೆಗೆ ಇಂಥದೇ ಹಣ್ಣು ಬೇಕಂತೆ ಎಂದು ಯಾರೋ ಹೇಳಿದರು. ವೈನು ಮಾಡಿ ತೋರಿಸಿ, ಅವರು ಒಪ್ಪಿದರೆ ಬಳ್ಳಿ ಉಳಿಯುತ್ತದೆ. ಕಾಕಾ ಮಗನಿಂದ ಒಂದು ವರ್ಷ ಬೇಡಿಕೊಂಡು, ಹಣ್ಣು ಕಿವುಚಿ ಎರಡು ಭರಣಿಗಳಲ್ಲಿ ಹುದುಗಲು ಇಟ್ಟರು.

ತೊಡಕಿದ್ದದ್ದು ಅವರ ಕೊರಳಲ್ಲೇ. ಲಿಂಗದ ಕರಡಿಗೆ ಕಟ್ಟಿಕೊಂಡವರು, ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟಿದವರಲ್ಲ. ಅವರ ಹೆಂಡತಿ, ನಮ್ಮ ಕಾಕು, ಭರಣಿಗಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಎರಡೂ ಹಿತ್ತಲ ತಗಡಿನ ಕೆಳಗೆ ಕೂತವು. ಅದರ ಹದ ನೋಡುವವರು ಯಾರು? ಬೀದಿಯಲ್ಲಿ ರಿಟೈರ್ ಆಗಿ ಬಂದ ಸಿಪಾಯಿಯೊಬ್ಬರಿದ್ದರು. ರಮ್ಮಿಗೆ ಪಳಗಿದ ನಾಲಿಗೆ.

"ಏನೂ ಏರಂಗಿಲ್ರಿ ಇದು. ಶರಬತ್ತ ಆತು," ಎಂದರು ಅವರು.

"ಏರೂದು ಬಿಡೋ ಮಾರಾಯಾ, ರುಚಿ ಹೆಂಗೈತಿ ಹೇಳು!" ಎಂದು ಕಾಕಾ ಗದರಿದರು.

"ಏರಂಗಿಲ್ಲ ಅಂದ್ನೆಲ್ರಿ!"

ಇದನ್ನು ನಂಬಿ ಕಾಕಾ, ಏರಲಿ ಎಂದು ಒಂದು ಭರಣಿಗೆ ಬೆಲ್ಲ ಸುರಿದರು. ಇನ್ನೊಂದನ್ನು ಮುಟ್ಟಬೇಡಿ ಎಂದು ನಾನು ಅಡ್ಡ ನಿಂತೆ. ಏಕೆ ಎಂದರೆ ಹೇಳಲು ನನಗಾದರೂ ಏನು ಗೊತ್ತಿತ್ತು... ನನ್ನದೂ ಪುಸ್ತಕದ ಬದನೆಕಾಯಿಯೇ.

ಕೊನೆಗೊಮ್ಮೆ ಕಾರ್ಖಾನೆಯ ಮನುಷ್ಯ ಬಂದ. ಎರಡೂ ಭರಣಿಯದನ್ನು ಗ್ಲಾಸಿಗೆ ಹಾಕಿಸಿ, ಬಾಯಲ್ಲಿ ಹೊರಳಿಸಿ, ಉಗುಳಿದ. ಆಮೇಲೆ ಕಾಕಾರ ಮುಖ ನೋಡಿದ.

"ಎರಡರಾಗ ಯಾವುದು ಛಲೋ ಆಗೇದ, ನೀವ ಹೇಳ್ರಿ."

"ನಾ ಕುಡಿಯಂಗಿಲ್ರಿ."

"ಕುಡೀಬ್ಯಾಡ್ರಿ. ಬಾಯಾಗ ಹಾಕ್ಕೊಂಡು ಉಗುಳ್ರಿ, ಸಾಕು."

ಕಾಕಾ ಗ್ಲಾಸು ಎತ್ತಿದರು. ಇನ್ನೊಂದು ಕೈ ತಾನಾಗಿ ಕರಡಿಗೆಯ ಮೇಲೆ ಹೋಯಿತು. ಹಾಕಿಕೊಳ್ಳಿ, ಒಂದೇ ಗುಟುಕು, ಎಂದು ನಾನು ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ. ಅವರು ಗ್ಲಾಸನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ರುಚಿ ನೋಡದವರ ಕೂಡ ಈ ಧಂದೆ ಹೆಂಗ ಮಾಡೂದ್ರಿ?" ಎಂದು ಆತ ಎದ್ದು ಹೋದ. ತಪ್ಪು ಮಾತೂ ಅಲ್ಲ, ಅದೇ ಇನ್ನೂ ಉರಿಯುತ್ತದೆ.

ಅವನು ಹೋದ ಮೇಲೆ ನಾನು ಕಾಕಾರ ಮೇಲೆ ಹರಿಹಾಯ್ದೆ. ಉಗುಳುವುದಕ್ಕೇನಾಗಿತ್ತು ಎಂದೆ. "ನಾಲಿಗಿಗೆ ಹತ್ತಿದ ಮ್ಯಾಲ ಉಗುಳಿದ್ರೇನು, ನುಂಗಿದ್ರೇನು ತಮ್ಮಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನ್ನದು ಇನ್ನಷ್ಟು ಏರಿತು. ವಾರ ಕಳೆಯುವುದರೊಳಗೆ ಮಗ ತೋಟಕ್ಕೆ ಕೊಡಲಿ ಒಯ್ದ.

ಭರಣಿಗಳನ್ನು ಎಲ್ಲರೂ ಮರೆತರು. ಮುಂದಿನ ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ಭರಣಿ ಬೇಕೆಂದು ಕಾಕು ಬೆಲ್ಲ ಹಾಕದ ಭರಣಿಯ ಬಟ್ಟೆ ಬಿಚ್ಚಿದರು. ಹುಳಿ ವಾಸನೆ ನಮ್ಮ ಮನೆಯವರೆಗೂ ಬಂತು. ನಾನು ಹೋಗಿ ನೋಡಿ, ಇದು ಪೂರಾ ಸಿರ್ಕಾ, ಅದೇ ವಿನೆಗರ್, ಆಗಿದೆ, ಹುಳಿಗೆ ಹಾಕಬಹುದು ಎಂದೆ.

ಕಾಕಾ ಎದ್ದು ಬಂದರು. "ಖರೆ ಹೇಳ್ತೀಯೇನು? ಈಗಿದು ಸೆರೆ ಅಲ್ಲಲ್ಲ?"

"ಅಲ್ರಿ ಕಾಕಾ. ಬರೀ ಹುಳಿ."

ಅವರು ಕೈ ತೊಳೆದುಕೊಂಡು ಬಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮುಖ ಕಿವುಚಿತು. ಮತ್ತೆ ಅದ್ದಿದರು. ಈ ಸಲ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

"ಹುಳಿ ಹಿಂದ ಇನ್ನೊಂದು ಏನೋ ನಿಂತೈತಿ ನೋಡು... ನೇರಲಹಣ್ಣಿನಂಥಾದ್ದು." ಬೆರಳು ಒರೆಸಿಕೊಳ್ಳುತ್ತ ಅಂದರು, "ಛಲೋ ಆಗಿತ್ತು ಅನಸ್ತದ."

ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೇ ಇದ್ದರು. ತೋಟದಲ್ಲಿ ಆಗಲೇ ಹಸಿರು ದ್ರಾಕ್ಷಿಯ ಸಸಿಗಳು ಚಪ್ಪರ ಹತ್ತುತ್ತಿದ್ದವು.

ಕಾಕಾ ಹೋಗಿ ಎಷ್ಟೋ ವರ್ಷಗಳಾದವು. ಮೊನ್ನೆ ಗಾಡಿಯವನನ್ನು ಕೇಳಿ ಅವನ ವಿನೆಗರ್ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಹಾಕಿಸಿಕೊಂಡೆ. ಇವರಿಗೇನಾಯಿತು ಎಂಬಂತೆ ಅವನು ನೋಡಿದ. ನಾನೂ ಕಣ್ಣು ಮುಚ್ಚಿ ನೆಕ್ಕಿ ನೋಡಿದೆ, ಬಹಳ ಹೊತ್ತು ಕಾದೆ. ಬರೀ ಹುಳಿ. ಅದರ ಹಿಂದೆ ಏನೂ ಇರಲಿಲ್ಲ.