ಬಲಗಡೆ ಬಿದ್ದ ಹೂವು

ನಮ್ಮ ಭಾವ ಲಕ್ಕಣ್ಣ ಅಲ್ಲಾಳಸಂದ್ರದವರು. ಮೀಸೆ ಚಿಗುರುವಾಗಲೇ ಸ್ಟೇರಿಂಗ್ ಹಿಡಿದು, ಲಾರಿ, ಟೆಂಪೋ ಎಲ್ಲ ಓಡಿಸಿ, ಕೊನೆಗೆ ಸ್ಕೂಲ್ ಬಸ್ಸಿನಲ್ಲಿ ನೆಲೆ ನಿಂತರು. ಅವರ ಬಸ್ಸಿನಲ್ಲಿ ಓಡಾಡಿದ ಮಕ್ಕಳೇ ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಬಸ್ಸಿಗೆ ಹತ್ತಿಸುತ್ತಿದ್ದರು. ಈ ಸಲ ಯುಗಾದಿ ಕಳೆದ ಮೇಲೆ ಕಣ್ಣಿನ ಡಾಕ್ಟರು, "ಎದುರಿಗಿರೋದು ಕಾಣತ್ತೆ, ಅಕ್ಕಪಕ್ಕದ ನೋಟ ಹೋಗಿದೆ. ಅದು ವಾಪಸ್ ಬರಲ್ಲ. ಇನ್ಮೇಲೆ ಗಾಡಿ ಮುಟ್ಟಬೇಡಿ" ಎಂದುಬಿಟ್ಟರು. ಭಾವ ಅವತ್ತೇ ಬಸ್ಸಿನ ಕೀ ಒಪ್ಪಿಸಿ ಬಂದು ಜಗಲಿಯ ಮೇಲೆ ಕೂತರು.

ಐವತ್ತು ದಾಟಿದವರು ಹೊಸ ಕೆಲಸ ಹುಡುಕಬೇಕು. ಮಗಳ ಓದು ಇನ್ನೂ ಮುಗಿದಿಲ್ಲ, ಮನೆ ನಡೆಯಬೇಕು. ಬುದ್ಧಿ ಹೇಳುವವರಿಗೇನು ಬರವೇ? ಎದುರು ಮನೆಯ ನಾಗಭೂಷಣ ಎಳನೀರು ಅಂಗಡಿ ಇಡಿ ಅಂದ. ಇನ್ಯಾರೋ ಚಿಕ್ಕಜಾಲದ ಗೋಡೌನಿನಲ್ಲಿ ಪ್ಯಾಕಿಂಗ್‌ಗೆ ಸೇರಿ ಅಂದರು. ಎಲ್ಲರೂ ಕಾಫಿ ಕುಡಿದು, ಬುದ್ಧಿ ಹೇಳಿ, ಎದ್ದು ಹೋದರು. ನಮ್ಮಕ್ಕನಿಗೆ ಹಾಲು ಖರ್ಚಾಯಿತು, ಅಷ್ಟೇ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಮಗಳು ಮಂಜುಶ್ರೀ ಅಪ್ಪನನ್ನು ಯಲಹಂಕದಲ್ಲಿ ನಡೆದ ಉದ್ಯೋಗ ಮಾರ್ಗದರ್ಶನ ಶಿಬಿರಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ಹುಡುಗಿ ನಗುನಗುತ್ತಾ, "ನಿಮಗೆ ಯಾವುದರಲ್ಲಿ ಆಸಕ್ತಿ ಅಂಕಲ್?" ಎಂದು ಕೇಳಿದಳಂತೆ.

"ಡ್ರೈವಿಂಗು."

"ಅದು ಬಿಟ್ಟು?"

ಭಾವ ನಮಸ್ಕಾರ ಹೇಳಿ ಎದ್ದು ಬಂದರಂತೆ.

ಕೊನೆಗೆ ನಮ್ಮಕ್ಕನೇ, "ಮನೆದೇವರನ್ನ ಕೇಳ್ಕೊಂಡು ಬನ್ನಿ" ಅಂದಳು. ನಾನೇ ಸ್ಕೂಟರಿನಲ್ಲಿ ಮಾರಮ್ಮನ ಗುಡಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಅಮ್ಮನ ಎರಡು ತೋಳಿನ ಮೇಲೂ ಒದ್ದೆ ಹೂವು ಅಂಟಿಸಿ ಅಪ್ಪಣೆ ಕೇಳುತ್ತೇವೆ. ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ.

ಪೂಜಾರಿ ಆನಂದಪ್ಪ ಹೂವು ಅಂಟಿಸಿ, "ಏನಂತ ಕೇಳ್ಲಪ್ಪಾ?" ಎಂದ.

"ಯಾವ ಕೆಲಸ ಮಾಡ್ಲಿ ಅಂತ ಕೇಳಿ ಸ್ವಾಮಿ."

"ಅಂಗೆಲ್ಲಾ ಅಮ್ಮ ಏಳಕ್ಕಿಲ್ಲ ಕಣಪ್ಪಾ. ನೀನೊಂದು ಕೆಲಸ ಏಳು, ಆಯ್ತದಾ ಇಲ್ವಾ ಅಂತ ಕೇಳಾನ."

ಭಾವ ನನ್ನ ಮುಖ ನೋಡಿದರು. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ನನಗೆ ರೇಗಿ, "ಎಳನೀರು ಅಂಗಡಿ ಅಂತ ಕೇಳಿ" ಅಂದೆ. ಹೂವು ಅಲುಗಲಿಲ್ಲ. "ಗೋಡೌನು?" ಎಡಗಡೆಯದು ಬಿತ್ತು. ಪೂಜಾರಿ ಮತ್ತೆ ಹೂವು ಅಂಟಿಸಿದ.

ಆಗ ಭಾವ ಸಣ್ಣ ದನಿಯಲ್ಲಿ, "ಮತ್ತೆ ಗಾಡಿ ಓಡಿಸ್ಬೋದಾ ಅಂತ ಕೇಳಿ" ಅಂದರು.

ಬೇಡ ಭಾವ ಅನ್ನುವಷ್ಟರಲ್ಲಿ ಆನಂದಪ್ಪ ಕೇಳಿಬಿಟ್ಟಿದ್ದ. ಭಾವ ಕೈ ಮುಗಿದು ಅಮ್ಮನ ಮುಖವನ್ನೇ ನೋಡುತ್ತಿದ್ದರು. ಬಲತೋಳಿನ ಮೇಲಿದ್ದ ಕಣಗಿಲೆ ಹೂವು ಜಾರಿ ಪಟ್ಟನೆ ಕೆಳಗೆ ಬಿತ್ತು. ಭಾವ ಮಾತ್ರ ಕಣ್ಣು ಮಿಟುಕಿಸದೆ ಹಾಗೇ ನಿಂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ಬಾಗಿ, "ಇನ್ನೂ ಬೀಳ್ಲಿಲ್ವೇನೋ ಸತೀಶಾ?" ಎಂದರು.

ಅಷ್ಟರಲ್ಲಿ ಆನಂದಪ್ಪ ಹೂವೆತ್ತಿ ಅವರ ಕೈಗಿಟ್ಟ. "ಬಲಗಡೆ ಕೊಟ್ಟವ್ಳೆ ತಾಯಿ! ಧೈರ್ಯವಾಗಿ ಓಡ್ಸು, ಓಗು." ಹಿಂದಿದ್ದ ಹೆಂಗಸರು ಕೈ ಮುಗಿದರು.

ಹೊರಗೆ ಬಂದು ಭಾವ ಮೆಟ್ಟಿಲ ಮೇಲೆ ಕೂತು ಹೂವನ್ನು ಮುಖದೆದುರು ಹಿಡಿದು ನೋಡಿದರು. ಆಮೇಲೆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಮತ್ತೆ ಎದುರಿಗೆ ತಂದರು, ಮತ್ತೆ ಪಕ್ಕಕ್ಕೆ ಸರಿಸಿದರು.

"ಅಮ್ಮ ಕೊಟ್ಳು ಕಣೋ, ನಂಗೇ ಕಾಣ್ಲಿಲ್ಲ. ಬಸ್ಸಿನ ಪಕ್ಕಕ್ಕೆ ಮಗು ಬಂದ್ರೂ ಹಿಂಗೇ ಅಲ್ವಾ?" ಹೂವನ್ನು ಜೇಬಿಗೆ ಹಾಕಿಕೊಂಡರು. "ಡಾಕ್ಟರನ್ನ ಕೇಳಿದ್ದಾಯ್ತು, ಆ ಹುಡುಗೀನ ಕೇಳಿದ್ದಾಯ್ತು, ಅಮ್ಮನ್ನೂ ಕೇಳಿದ್ದಾಯ್ತು. ಇನ್ಯಾರ್ನ ಕೇಳ್ಲಿ ಹೇಳು?"

ನಾನು ಸ್ಕೂಟರ್ ತಿರುಗಿಸಿ ತಂದು, ಅವರ ಕೈ ಹಿಡಿದು ಹಿಂದೆ ಕೂರಿಸಿಕೊಂಡೆ.